ಅವರ ಅರ್ಧ, ನನ್ನ ಅರ್ಧ

ಜೂನ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಹತ್ತು ತಿಂಗಳ ಪುಟ್ಟಿ ನಿದ್ದೆ ಕೊಡುವುದಿಲ್ಲ. ಅವಳು ಮಲಗಿದಾಗ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟುಕೊಂಡು ನಾನೇ ಕೂತಿರುತ್ತೇನೆ. ಓದಿದ ಡಿಗ್ರಿ ಇದಕ್ಕೇನೂ ಉಪಯೋಗಕ್ಕೆ ಬರಲಿಲ್ಲ.

ಇವರ ಗಂಟಲಿನ ಆಪರೇಷನ್ ಗಾಯ ಪೂರ್ತಿ ಮಾಗಿದೆ. "ಇನ್ನು ಭಯ ಇಲ್ಲ" ಅಂದರು ಡಾಕ್ಟರು. ಧ್ವನಿ ಮಾತ್ರ ಹೋದದ್ದು ಹೋಯಿತು. ಪಿಸುಗುಟ್ಟಿದರೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಸುಯ್ ಎನ್ನುತ್ತದೆ. ಪುಟ್ಟಿ ಬೆಚ್ಚುತ್ತಾಳೆಂದು ಅದನ್ನೂ ಬಿಟ್ಟು ಹಲಗೆಯಲ್ಲಿ ಬರೆಯುತ್ತಾರೆ. ಹೋದ ತಿಂಗಳು ಅತ್ತೆ ಬಂದಿದ್ದಾಗ "ಉಪ್ಪು ಜಾಸ್ತಿ" ಎಂದು ಇವರು ಬರೆದು ತೋರಿಸಿದರು. "ಗಂಟಲು ಹೋದ್ರೂ ಕೊಂಕು ಹೋಗ್ಲಿಲ್ವಲ್ಲೋ ನಿಂದು!" ಎಂದು ಅತ್ತೆ ನಕ್ಕು, ನಗುತ್ತಲೇ ಅತ್ತರು.

ಆಪರೇಷನ್ನಿಗೆ ಎರಡು ದಿನ ಮೊದಲು ಇವರು ಸ್ಟುಡಿಯೋದಲ್ಲಿ ಒಂದು ಯುಗಳಗೀತೆಯ ತಮ್ಮ ಅರ್ಧವನ್ನು ಹಾಡಿಟ್ಟಿದ್ದರು. ನಾನಾಗ ತುಂಬು ಗರ್ಭಿಣಿ, ನಿಂತು ಹಾಡಲು ಉಸಿರಿರಲಿಲ್ಲ. "ಹೆರಿಗೆ ಆಗ್ಲಿ, ಆಮೇಲೆ ನಿಂದು" ಎಂದಿದ್ದರು. ಹಾಡಿನಲ್ಲಿ ಅವರು "ಬರುವೆಯಾ" ಎಂದು ಕೇಳಿ ನಿಲ್ಲಿಸುತ್ತಾರೆ. ನಾನು ಉತ್ತರಿಸುವಷ್ಟು ಹೊತ್ತು ಬರೀ ಗಿಟಾರು. ಆಮೇಲೆ, ನಾನು ಬಂದೇಬಿಟ್ಟೆನೆಂಬಂತೆ ಸಣ್ಣಗೆ ನಕ್ಕು ಮುಂದಿನ ಸಾಲಿಗೆ ಹೋಗುತ್ತಾರೆ.

ಮನೆಯಲ್ಲಿ ಅದನ್ನು ಹಾಕಿದರೆ ಪುಟ್ಟಿ ಇವರ ತೊಡೆಯಿಂದ ಜಾರಿ, ಸ್ಪೀಕರಿನ ಹತ್ತಿರ ಅಂಬೆಗಾಲಿಟ್ಟು ಹೋಗಿ, ಜಾಲರಿಗೆ ಕೆನ್ನೆಯೊತ್ತಿ "ಅಪ್ಪ" ಎನ್ನುತ್ತಾಳೆ. ಇವರು ಚಪ್ಪಾಳೆ ತಟ್ಟಿ ಕರೆದರೂ ತಿರುಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬ ಗಂಡಸಿದ್ದಾನೆ ಎನ್ನಿಸಿ ನನ್ನ ಮೈ ಜುಂ ಎನ್ನುತ್ತದೆ.

ಆ ಹಾಡಿನ ಸಹವಾಸವೇ ಬೇಡ ಅಂದುಕೊಂಡಿದ್ದೆ. ಇವರೇ ಹಠ ಹಿಡಿದರು. "ನನ್ನ ಕೊನೇ ಹಾಡು ಅರ್ಧಕ್ಕೆ ನಿಲ್ಲಬಾರದು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಶನಿವಾರ ಮೂವರೂ ಹೋದೆವು. "ಏನಮ್ಮಾ, ಗಂಡನ್ನ ಇಷ್ಟು ದಿನ ಕಾಯಿಸೋದಾ?" ಎಂದು ರೆಕಾರ್ಡಿಸ್ಟು ಛೇಡಿಸಿ ಹೆಡ್‌ಫೋನ್ ಕೊಟ್ಟರು. ಒಂದೇ ಸಲಕ್ಕೆ ಮುಗಿಯಿತು. "ಎದುರುಬದುರು ನಿಂತು ಹಾಡಿದ ಹಾಗಿದೆ, ಏನೂ ಮುಟ್ಟಬೇಕಾಗಿಲ್ಲ" ಎಂದರು.

ಪುಟ್ಟಿ ಏಳುತ್ತಿದ್ದಾಳೆ, ಮುಗಿಸುತ್ತೇನೆ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನೀವೆಲ್ಲ ತಣ್ಣಗಿರಿ, ನಿನ್ನ ಪಾಲಿನ ನಿದ್ದೆಯಲ್ಲಿ ಒಂದು ಚೂರು ನನಗೂ ಸಿಗಲೆಂದು ಹರಸು.

ನಿನ್ನ ತಂಗಿ

ತಾ.ಕ.: ಹಾಡುವಾಗ ಕಣ್ಣು ಮುಚ್ಚಿಕೊಂಡಿದ್ದೆ, ಅಕ್ಕಾ. ಕೆನ್ನೆ ಒದ್ದೆಯಾದದ್ದೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ಇವರು ಗಾಜಿನಾಚೆ ಪುಟ್ಟಿಯನ್ನೆತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಆಪರೇಷನ್ ಆದಮೇಲೆ ಒಂದು ದಿನವೂ ನಾನು ಅವರಿಗೆ ತೋರಿಸದ ಮುಖ ಅದು. ಮನೆಗೆ ಬಂದು ಹಲಗೆಯಲ್ಲಿ ಬರೆದರು: "ಅವನನ್ನ ಅಷ್ಟೊಂದು ಪ್ರೀತಿಸ್ತಿದ್ಯಾ?" "ಅವನು ಅಂದ್ರೆ ನೀವೇ ಅಲ್ವಾ" ಎನ್ನಬೇಕಿತ್ತು. "ಹೂಂ, ತುಂಬಾ" ಅಂದುಬಿಟ್ಟೆ. ಅವರು ನಿಧಾನವಾಗಿ ಅಂಗೈಯಿಂದ ಅದನ್ನು ಅಳಿಸಿದರು. ಆಮೇಲೆ ಹಲಗೆಯಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ಇವತ್ತಿಗೆ ಮೂರು ದಿನ.