ನಾಲ್ಕು ಬೆರಳಿನ ಜಾಡು

ಶಿಸರ್ ಆಚೆಯ ಬಿಡಾರ,
ಆಗಸ್ಟ್ ಹತ್ತೊಂಬತ್ತು

ಕರುಣಾಳುವಾದ ಅಲ್ಲಾಹನ ಹೆಸರಿನಲ್ಲಿ.

ಮಗ ಗಾನಿಮನಿಗೆ ನಿನ್ನ ಅಪ್ಪನ ಸಲಾಮು. ನೀನು, ನಿನ್ನ ಹೆಂಡತಿ, ಮೊಮ್ಮಗಳು ಕ್ಷೇಮವೆಂದು ನಂಬಿದ್ದೇನೆ. ಸಲಾಲಾದಲ್ಲಿ ಖರೀಫ್ ಮಳೆಗಾಲದ ಮಂಜು ಇಳಿದು ಗುಡ್ಡವೆಲ್ಲ ಹಸಿರಾಗಿದೆ ಎಂದು ನೀರಿನ ಟ್ಯಾಂಕರಿನವನು ಹೇಳಿದ. ಇಲ್ಲಿ ಗಾಡಿಯ ಬಾಗಿಲು ಮುಟ್ಟಿದರೆ ಅಂಗೈ ಸುಡುತ್ತದೆ. ಕಪ್ಪು ಒಂಟೆ ಈದಿದೆ, ಹೆಣ್ಣು ಮರಿ. ನಿನ್ನ ಅಮ್ಮನ ಮೊಣಕಾಲು ಹಾಗೇ ಇದೆ.

ನಲವತ್ತು ದಿನದಿಂದ ನಿನ್ನ ಫೋನು ಎತ್ತಿಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳುವುದು ಕಾಗದ ಬರೆಯುವವನ ಮರ್ಯಾದೆ, ಕೇಳಿದ್ದೇನೆ. ಕ್ಷಮೆಯ ಮಾತು ಅಲ್ಲಿಗೆ ಮುಗಿಯಿತು. ಈಗ ಕೂತು ಓದು. ವರ್ಕ್‌ಶಾಪಿನಲ್ಲಿ ಕೆಲಸದವರ ಎದುರಿಗೆ ನಿಂತು ಓದಬೇಡ. ಬಾಗಿಲು ಹಾಕಿಕೊಂಡು ಓದು. ಯಾಕೆಂದರೆ ನಾನು ಇದನ್ನು ಕೂಗಿ ಹೇಳುತ್ತಿದ್ದೇನೆ ಎಂದೇ ನೀನು ತಿಳಿಯಬೇಕು.

ನನ್ನ ಗಾಡಿ ಮುಟ್ಟಲು ನಿನಗೆ ಅಪ್ಪಣೆ ಕೊಟ್ಟವರು ಯಾರು? ಹೇಳು, ಯಾರು? ಹದಿನೇಳು ವರ್ಷ ನನ್ನನ್ನೂ ನನ್ನ ಒಂಟೆಗಳನ್ನೂ ಹೊತ್ತ ಆ ಬಿಳಿ ಶಾಸ್ ಪಿಕಪ್ಪಿನ ಹೊಟ್ಟೆ ಸೀಳಿ, ಹಿಂದಿನ ಕಮಾನು ಪಟ್ಟಿಗಳನ್ನು ಕಿತ್ತು ಮೂಲೆಗೆಸೆದು, ಅಲ್ಲಿ ಸುರುಳಿ ಸ್ಪ್ರಿಂಗು ನಿಲ್ಲಿಸಲು ನಿನ್ನ ಕೈಗೆ ಹೇಗೆ ಮನಸ್ಸು ಬಂತು? ನಾನು ಬೇಡವೆಂದಿರಲಿಲ್ಲವೇ? ಒಮ್ಮೆ ಅಲ್ಲ, ಈದ್ ದಿನ, ಇಡೀ ಮನೆತನ ಅನ್ನದ ಹರಿವಾಣದ ಸುತ್ತ ಕೂತಿದ್ದಾಗ, ಎಲ್ಲರ ಕಿವಿಗೆ ಬೀಳುವ ಹಾಗೆ ಹೇಳಿರಲಿಲ್ಲವೇ?

ನೀನು ಮಾಂಸದ ತುಂಡು ಮುರಿದು ನನ್ನ ಕಡೆ ಸರಿಸುತ್ತ ಅಂದಿದ್ದೆ: "ಅಪ್ಪ, ಮುಂದೆ ಹೇಗೂ ಸುರುಳಿ ಇದೆ. ಹಿಂದೇನೂ ಅದನ್ನೇ ಹಾಕಿಬಿಡೋಣ. ಒಂದು ಆಕ್ಸಲ್ ಸಿಕ್ಕಿದೆ, ಮುಂದಿನದರಷ್ಟೇ ಅಗಲ. ಮರಳಲ್ಲಿ ಬೆಣ್ಣೆ ಥರ ಹೋಗುತ್ತೆ. ನಿಮ್ಮ ಬೆನ್ನು ಉಳಿಯುತ್ತೆ."

"ಬೆನ್ನೂ ನಂದು, ಗಾಡೀನೂ ನಂದು. ಪಟ್ಟಿ ಮುಟ್ಟಿದ್ರೆ ಕೈ ಮುರೀತೀನಿ."

ಆಗ ನಿನ್ನ ಚಿಕ್ಕಪ್ಪ ಬಖೀತ್ ಬಾಯಲ್ಲಿ ಅನ್ನ ಇಟ್ಟುಕೊಂಡೇ ಅಂದ: "ಅಣ್ಣ, ನಿನ್ನ ಗಾಡೀಲಿ ಮಂಡಿಯೂರಿ ಬಂದ ಒಂಟೆ ಇಳಿದ ತಕ್ಷಣ ನನ್ನ ಹತ್ರ ಬಂದು ದೂರು ಹೇಳುತ್ತೆ ಕಣೋ. ನಿನಗೆ ಕೇಳಿಸಲ್ಲ ಅಷ್ಟೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನನ್ನ ಹರಿವಾಣದಲ್ಲಿ ಉಂಡ ಕೊನೆಯ ಈದ್ ಅದು.

ಆ ನಗುವನ್ನೇ ನೀವಿಬ್ಬರೂ ಒಪ್ಪಿಗೆ ಎಂದುಕೊಂಡಿರಿ. ಕ್ಲಚ್ಚು ಜಾರುತ್ತಿದೆ ಎಂದು ನನಗೆ ಸುಳ್ಳು ಹೇಳಿ ಬಖೀತ್ ಗಾಡಿಯನ್ನು ಸಲಾಲಾಕ್ಕೆ ತಂದ. ನೀನು ಹತ್ತು ದಿನ ಅದರ ಕೆಳಗೆ ಮಲಗಿದೆ. ಬ್ರಾಕೆಟ್ಟು ಬೆಸೆದೆ, ಅಗಲವಾದ ಆಕ್ಸಲ್ ಕೂರಿಸಿದೆ, ಸುರುಳಿಗಳಿಗೆ ಕೆಂಪು ಬಣ್ಣ ಹೊಡೆದೆ. ಅಪ್ಪನಿಗೆ ಉಡುಗೊರೆ. ಅಪ್ಪ ಕೂತ ಮೇಲೆ, ಗುಂಡಿ ಹಾರಿದ ಮೇಲೆ, ಬೆನ್ನು ನೋಯದಿದ್ದಾಗ ತಾನಾಗಿಯೇ ತಿಳಿಯಲಿ ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿರಿ.

ಗಾನಿಮ್, ನಿನ್ನ ಅಪ್ಪ ಯಾರೆಂದು ನಿನಗೆ ಗೊತ್ತಿರಲಿಲ್ಲವೇ? ನಲವತ್ತು ವರ್ಷ ಈ ಮರಳಿನಲ್ಲಿ ಜಾಡು ಹಿಡಿದವನು ನಾನು. ಕಳ್ಳಸಾಗಣೆಯವರ ಜಾಡು, ದಾರಿ ತಪ್ಪಿದ ಕುರಿಯವರ ಜಾಡು, ನಾಲ್ಕು ದಿನ ಹಳೆಯ ಒಂಟೆಯ ಹೆಜ್ಜೆ. ಬಿಡಾರದ ಪ್ರತಿಯೊಬ್ಬರ ಪಾದ ನನಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು. ನಿನ್ನ ಅಮ್ಮ ಬಲಗಾಲು ಎಳೆಯುತ್ತಾಳೆ. ನೀನು ಹಿಮ್ಮಡಿ ಮೊದಲು ಊರುತ್ತೀಯ. ಬಖೀತನ ಎಡಗಾಲಿನ ಹೆಬ್ಬೆರಳು ಹೊರಕ್ಕೆ ಸೊಟ್ಟ. ಅವನಿಗೆ ಆರು ವರ್ಷವಾಗಿದ್ದಾಗ ನನ್ನ ಕೈಯಿಂದ ಹಗ್ಗ ಜಾರಿ ಒಂಟೆ ಆ ಪಾದವನ್ನು ತುಳಿದಿತ್ತು.

ಹಾಗೆಯೇ ಆ ಗಾಡಿ. ಆ ಕಾಲದ ಶಾಸ್ ಗಾಡಿಗಳಿಗೆಲ್ಲ ಮುಂದಿನ ಗಾಲಿ ಅಗಲ, ಹಿಂದಿನವು ಒಳಕ್ಕೆ. ಮರಳಿನ ಮೇಲೆ ಹಿಂದಿನ ಗಾಲಿಯ ಗೆರೆಯ ಹೊರಗೆ ಮುಂದಿನದರ ಅಂಚು ಎರಡೂ ಬದಿಗೆ ಮೂರು ಬೆರಳು ಕಾಣುತ್ತದೆ. ನಮ್ಮದರಲ್ಲಿ ಬಲಕ್ಕೆ ನಾಲ್ಕು ಬೆರಳು, ಎಡಕ್ಕೆ ಎರಡೇ. ಪಟ್ಟಿಗಳು ಸವೆದು ಹಿಂದಿನ ಆಕ್ಸಲ್ ಒಂದು ಬೆರಳು ಎಡಕ್ಕೆ ಸರಿದಿತ್ತು. ನಾನು ಬೇಕೆಂದೇ ಸರಿಪಡಿಸಿರಲಿಲ್ಲ. ಅದು ನನ್ನ ಸಹಿ. ಮಸೀದಿಯ ಮುಂದೆ ಐವತ್ತು ಗಾಡಿ ನಿಂತು ಹೋಗಿದ್ದರೂ ನಮ್ಮದು ಎತ್ತ ಹೋಯಿತೆಂದು ನಡೆದಾಡುತ್ತಲೇ ಹೇಳುತ್ತಿದ್ದೆ. ಆ ಸಹಿಯನ್ನು ನೀನು ಅಳಿಸಿದೆ. ಅಳಿಸಿ, ಸುಮ್ಮನಿದ್ದೆ.

ಅವತ್ತಿನದನ್ನು ಕೇಳು. ನೀನು ಕೊನೆಗೆ ಬಂದವನು, ಮೊದಲಿನದು ನಿನಗೆ ಗೊತ್ತಿಲ್ಲ.

ಬಖೀತ್ ಗಾಡಿ ತರುತ್ತ ಸುಮ್ರೈತ್ ದಾಟುವಾಗ ಹೆಂಡತಿ ತುಫೂಲಳಿಗೆ ಫೋನು ಮಾಡಿದ್ದ: "ಆ ಕೆಂಚು ಒಂಟೆ ಮರಳಿನ ಕಡೆ ಹೋಗಿದೆಯಂತೆ. ಹುಡುಕಿ ಹೊಡ್ಕೊಂಡು ಬಂದು ಸಂಜೆ ಅಸರ್ ನಮಾಜಿಗೆ ಮನೇಲಿರ್ತೀನಿ. ಅಣ್ಣನಿಗೆ ಏನೂ ಹೇಳ್ಬೇಡ." ಅಸರ್ ಆಯಿತು. ಮಾರನೆಯ ಬೆಳಗೂ ಆಯಿತು. ಪೊಲೀಸರು ಬಂದರು, ನೆಂಟರು ಬಂದರು, ಹನ್ನೆರಡು ಗಾಡಿ. ಎಲ್ಲರ ಮುಂದೆ ನಾನು, ಎಳೆಯ ಅಧಿಕಾರಿಯ ಪಕ್ಕದ ಸೀಟಿನಲ್ಲಿ.

ನೆತ್ತಿಯ ಮೇಲೆ ಸೂರ್ಯ. ಮೊದಲ ದೊಡ್ಡ ದಿಬ್ಬದ ಬುಡದಲ್ಲಿ ಅವನು ಗಾಡಿ ನಿಲ್ಲಿಸಿದ.

"ಅಬು ಗಾನಿಮ್, ಇಲ್ಲೊಂದು ಜಾಡಿದೆ. ನಿನ್ನೆಯದೇ ಇರ್ಬೇಕು. ಪಶ್ಚಿಮಕ್ಕೆ ಹೋಗಿದೆ."

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. "ನಮ್ಮದಲ್ಲ."

"ಒಂದ್ಸಲ ಇಳಿದು ನೋಡ್ತೀರಾ?"

"ಇಳಿಯೋಕೆ ಏನಿದೆ? ಮುಂದಿನ ಗಾಲಿ ಮೇಲೇ ಹಿಂದಿನ ಗಾಲಿ ಓಡಿದೆ. ಎರಡೇ ಗೆರೆ. ಯಾರೋ ಪೇಟೆಯವರು ದಿಬ್ಬ ಹತ್ತಿ ಆಡೋಕೆ ಬಂದಿದ್ದಾರೆ. ಮಗಾ, ನಿನ್ನ ಅಪ್ಪ ತೊಟ್ಟಿಲಲ್ಲಿದ್ದಾಗ ನಾನು ಈ ಮರಳು ಓದ್ತಿದ್ದೆ. ನಮ್ಮದಲ್ಲ. ಈ ಗಡ್ಡದಾಣೆ."

ಬಾಗಿಲಿನ ತಗಡಿಗೆ ಅಂಗೈಯಿಂದ ಬಡಿದೆ. ಆ ಸದ್ದು ಹಿಂದಿನ ಗಾಡಿಯವರೆಗೂ ಕೇಳಿಸಿತು. ಅಲ್ಲೇ ಮಧ್ಯಾಹ್ನದ ಜೊಹರ್ ನಮಾಜು ಮುಗಿಸಿ ಹನ್ನೆರಡು ಗಾಡಿಯೂ ನನ್ನ ಬೆರಳು ತೋರಿಸಿದ ಕಡೆಗೆ, ಪೂರ್ವಕ್ಕೆ, ತಿರುಗಿದವು. ಮಾರನೆಯ ದಿನ ಹೆಲಿಕಾಪ್ಟರ್ ಬಂತು. ಅದೂ ನನ್ನ ಮಾತು ನಂಬಿ ಪೂರ್ವಕ್ಕೇ ಹಾರಿತು.

ಆ ಸಂಜೆ ನೀನು ಬಂದೆ. ಧೂಳು ಮೆತ್ತಿದ ಮುಖ, ಬಾಯಿ ಒಣಗಿತ್ತು. "ಅಪ್ಪ, ಫೋನ್ ಸಿಗ್ಲಿಲ್ಲ. ನೀವು ಹಳೇ ಜಾಡು ಹುಡುಕ್ತಾ ಇದ್ದೀರಂತೆ. ಆಕ್ಸಲ್ ಬದಲಾಯಿಸಿದೀನಿ ಅಪ್ಪ. ಈಗ ನಾಲ್ಕು ಬೆರಳು ಬರಲ್ಲ."

ನಾನು ನಿನ್ನ ಕೆನ್ನೆಗೆ ಹೊಡೆದೆ. ಮದುವೆಯಾಗಿ ಮಗಳಿರುವ ಮಗನಿಗೆ, ಅರವತ್ತು ಜನರ ಮುಂದೆ.

ಬೆಳಕು ಹರಿಯುವಾಗ ಆ ಎರಡು ಗೆರೆಗಳ ಮೇಲೆ ಹೋದೆವು. ದಿಬ್ಬದ ಬುಡದಿಂದ ಒಂಬತ್ತು ಕಿಲೋಮೀಟರು. ಗಾಡಿ ಮೆದುಮರಳಿನಲ್ಲಿ ಹೊಟ್ಟೆಯವರೆಗೆ ಹೂತಿತ್ತು. ಅವನು ಅದರ ನೆರಳಿನಲ್ಲಿ ತಲೆಯ ಬಟ್ಟೆ ಬಿಚ್ಚಿ ಮುಖ ಮುಚ್ಚಿಕೊಂಡು ಮಲಗಿದ್ದ, ಮಧ್ಯಾಹ್ನದ ನಿದ್ದೆಗೆ ಮಲಗುವ ಹಾಗೆ. ಪಕ್ಕದಲ್ಲಿ ಖಾಲಿ ಕ್ಯಾನು. ನಾನು ಮೊದಲು ಅವನ ಮುಖ ನೋಡಲಿಲ್ಲ. ಮಂಡಿಯೂರಿ ಗಾಡಿಯ ಕೆಳಗೆ ನೋಡಿದೆ. ನಿನ್ನ ಕೆಂಪು ಸುರುಳಿಗಳು ಮದುಮಗಳ ಬಳೆಗಳ ಹಾಗೆ ಅಲ್ಲಿ ಹೊಳೆಯುತ್ತಿದ್ದವು. ಅವುಗಳನ್ನು ಹಲ್ಲಿನಿಂದ ಕಚ್ಚಿ ಕೀಳಬೇಕೆನಿಸಿತು.

ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಜೀವ ಹೋಗಿದೆ ಎಂದರು ಡಾಕ್ಟರು. ಒಂದು ದಿನಕ್ಕಾಗುವಷ್ಟು ನೀರು ಅವನ ಹತ್ತಿರ ಇತ್ತು, ಗಾನಿಮ್. ಒಂದು ದಿನ ಸಾಕಿತ್ತು.

ಸಂತಾಪದ ಮೂರು ದಿನ ನೀನು ಬಾಗಿಲ ಹತ್ತಿರ ಕೂತಿದ್ದೆ. ನಿನ್ನ ಕೈಯಿಂದ ಕಾಫಿಯ ಬಟ್ಟಲನ್ನು ಯಾರೂ ತೆಗೆದುಕೊಳ್ಳಲಿಲ್ಲ. ನಾನು ನೋಡಿದೆ. ತುಫೂಲ್ ಪರದೆಯ ಹಿಂದಿನಿಂದ ನನಗೆ ಹೇಳಿದಳು: "ಭಾವ, ನಿಮ್ಮ ಮಗ ಒಂದು ಮಾತು ಬಾಯಿ ಬಿಟ್ಟಿದ್ದಿದ್ರೆ ನನ್ನ ಮಕ್ಕಳಿಗೆ ಅಪ್ಪ ಇರ್ತಿದ್ದ. ಅವನ ದನಿ ಈ ಮನೇಲಿ ಕೇಳಿಸ್ಬಾರ್ದು." ನಾನು ಹೌದೆಂದು ತಲೆ ಆಡಿಸಿದೆ. ಅಂದಿನಿಂದ ಯಾರಾದರೂ ಅಬು ಗಾನಿಮ್, ಗಾನಿಮನ ಅಪ್ಪ, ಎಂದು ಕರೆದರೆ, ನನ್ನ ಹೆಸರು ಮಬ್ಖೂತ್ ಎನ್ನುತ್ತೇನೆ.

ಬರುವ ಶುಕ್ರವಾರ ಜುಮ್ಮಾ ಆದ ಮೇಲೆ ಹಿರಿಯರು ನಮ್ಮ ಬಿಡಾರದಲ್ಲಿ ಸೇರುತ್ತಾರೆ. ಇನ್ನು ಮುಂದೆ ಮದುವೆಗೆ, ಸಾವಿಗೆ, ಈದಿಗೆ ನಿನ್ನನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಅಪ್ಪನ ಮಾತೇ ಕೊನೆಯ ಮಾತು ಎಂದಿದ್ದಾರೆ. ಆ ದಿನ ನೀನು ಬರಬೇಕು. ಬರುವಾಗ ನನ್ನ ಹಳೆಯ ಕಮಾನು ಪಟ್ಟಿಗಳನ್ನೂ ಆ ಕಿರಿದಾದ ಆಕ್ಸಲನ್ನೂ ತರಬೇಕು. ಎಲ್ಲರ ಕಣ್ಣೆದುರಿಗೆ ಆ ಸುರುಳಿ ಬಿಚ್ಚಿ, ನನ್ನ ಪಟ್ಟಿ ಕಟ್ಟಿ, ಬೋಲ್ಟು ಬಿಗಿದು ಹೋಗಬೇಕು. ಅದು ನನ್ನ ಆಜ್ಞೆ.

ಅಲ್ಲಾಹ್ ನಿನಗೆ ಆಯುಸ್ಸು ಕೊಡಲಿ, ಮೊಮ್ಮಗಳ ಕಣ್ಣು ತಂಪಾಗಿರಲಿ, ನಿನ್ನ ಕೈಯ ಕೆಲಸಕ್ಕೆ ಬರಕತ್ತು ಇರಲಿ. ಕೋಪ ಎಷ್ಟೇ ಇರಲಿ, ಅಪ್ಪನ ಹರಕೆ ನಿಲ್ಲುವುದಿಲ್ಲ.

ಮಬ್ಖೂತ್ ಬಿನ್ ಸುಹೈಲ್

ಮತ್ತೆ ಬರೆದದ್ದು:

ಈ ಕಾಗದ ಒಯ್ಯುವ ಟ್ಯಾಂಕರಿನವನು ಇನ್ನೂ ಹೊರಟಿಲ್ಲ. ಲಕೋಟೆ ಅಂಟಿಸಿದ್ದೆ, ಹರಿದೆ.

ಅವತ್ತು ಜೊಹರ್ ನಮಾಜಿಗೆ ನಾನು ಗಾಡಿಯಿಂದ ಇಳಿದೆ. ಉಳಿದವರು ಆ ಬದಿಯಲ್ಲಿ ಸಾಲು ನಿಲ್ಲುತ್ತಿದ್ದರು. ನಾನು ಬೆನ್ನು ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ಈಚೆ ಬಂದೆ. ಮರಳಿಗೆ ಇಳಿಯುವ ಮುಂಚೆ ಎಲ್ಲರೂ ಮಾಡುವ ಹಾಗೆ, ಆ ಎರಡು ಗೆರೆಯ ಗಾಡಿಯವನು ಅಲ್ಲಿ ನಿಲ್ಲಿಸಿ ಗಾಲಿಗಳ ಗಾಳಿ ಇಳಿಸಿದ್ದ. ನಾಲ್ಕು ಗಾಲಿ, ನಾಲ್ಕು ಕಡೆ ಕುಕ್ಕರುಗಾಲಲ್ಲಿ ಕೂತ ಗುರುತು. ಬರಿಗಾಲು. ಎಡಪಾದದ ಹೆಬ್ಬೆರಳು ಹೊರಕ್ಕೆ ಸೊಟ್ಟ.

ನೋಡಿದೆ ಮಗನೇ. ಬಿಸಿಲಿನಲ್ಲಿ ಬರೆದಿಟ್ಟ ಹಾಗೆ ಸ್ಪಷ್ಟವಾಗಿ ನೋಡಿದೆ. ಅಂಥ ಪಾದ ಈ ಮರಳಿನಲ್ಲಿ ಒಂದೇ ಇದೆ, ಅದನ್ನು ಹಾಗೆ ಮಾಡಿದವನು ನಾನೇ. ಆದರೆ ಗಡ್ಡದಾಣೆ ಇಟ್ಟು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಆ ಎಳೆಯ ಅಧಿಕಾರಿ ನನ್ನ ಕಡೆಗೇ ನೋಡುತ್ತಿದ್ದ. ಗಾಲಿ ಬೇರೆಯವರದು, ಪಾದ ಮಾತ್ರ ನಮ್ಮವನದು ಹೇಗಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಪಾದವನ್ನು ಅದರ ಮೇಲಿಟ್ಟು ತಿರುವಿದೆ. ಹೋಗಿ ಸಾಲಿನಲ್ಲಿ ನಿಂತೆ.

ನೀನು ಬಂದು ಆಕ್ಸಲ್ ಎಂದಾಗ ನಿನಗೆ ಹೊಡೆದದ್ದು ಅದಕ್ಕೆ. ನನಗೆ ಗೊತ್ತಿರಲಿಲ್ಲ ಎಂದು ಅರವತ್ತು ಜನ ನಂಬಬೇಕಿತ್ತು.

ಶುಕ್ರವಾರ ನಾನೇ ಎದ್ದು ಹೇಳುತ್ತೇನೆ. ಆದರೆ ನನ್ನ ನಾಲಿಗೆ ನನಗೆ ಗೊತ್ತು. ಜನ ಕೂತರೆ ಅದು ನನ್ನ ಪರವಾಗಿಯೇ ಆಡುತ್ತದೆ. ಆದ್ದರಿಂದ ಇದನ್ನು ನಿನ್ನ ಕೈಗೆ ಕೊಟ್ಟಿದ್ದೇನೆ. ನಾನು ಸುಮ್ಮನೆ ಕೂತರೆ ನೀನು ಎದ್ದು ನಿಂತು ಇದನ್ನು ಓದು. ತುಫೂಲಳ ಪರದೆಯ ಹತ್ತಿರ ನಿಂತು ಓದು, ಅವಳಿಗೆ ಕೇಳಿಸಲಿ.

ಪಟ್ಟಿಗಳನ್ನು ತರಬೇಡ. ನಿನ್ನ ಸುರುಳಿಗಳು ಎಲ್ಲಿವೆಯೋ ಅಲ್ಲೇ ಇರಲಿ.

ಅಬು ಗಾನಿಮ್