ಅಣ್ಣನ ಬಲಗೈ

ಆರ್ಥರ್ಸ್ ಪಾಸ್, ಮಾರ್ಚ್ 2014

ಅತ್ತಿಗೆ,

ಅಣ್ಣ ಒಳಗೆ ಒದ್ದೆ ಗ್ಲೌಸ್ ಒಣಗಿಸುತ್ತಿದ್ದಾನೆ, ಅಷ್ಟರಲ್ಲಿ ಇದನ್ನು ಬರೆದು ಅಂಚೆ ಡಬ್ಬಕ್ಕೆ ಹಾಕಬೇಕು. ನೆಲ್ಸನ್ನಿನ ನಮ್ಮ ಮನೆ ಬಿಟ್ಟಾಗಿನಿಂದ ಮಳೆ. ಬೈಕ್ ಓಡಿಸುತ್ತಿದ್ದದ್ದು ಅವನು, ಹಿಂದೆ ನಾನು. ಘಾಟಿಯ ತಿರುವು ತಿರುವಿಗೂ ನಿಲ್ಲಿಸಿ, "ನೋಟ ಚೆನ್ನಾಗಿದೆ" ಎನ್ನುತ್ತಿದ್ದ. ಮಂಜಿನಲ್ಲಿ ಎದುರಿನ ಬೆಟ್ಟವೇ ಕಾಣುತ್ತಿರಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು.

ಇಲ್ಲಿನ ಕೆಫೆಯಲ್ಲಿ ಬಿಸಿ ಚಹಾ ಅವನ ಬಲಗೈ ಬೆರಳ ಮೇಲೆ ಚೆಲ್ಲಿತು. ಅವನು ಕೈ ಹಿಂದೆಗೆಯಲೇ ಇಲ್ಲ.

"ಕೈಗೇನಾಗಿದೆ?" ಎಂದೆ.

"ಚಳಿಗೆ ಮರಗಟ್ಟಿದೆ ಕಣೇ."

"ಎಡಗೈಗೆ ಚಳಿ ಇಲ್ವಾ?"

ಎಡಗೈಯಿಂದ ಚೆಲ್ಲಿದ ಚಹಾ ಒರೆಸಿದ. "ಮೈಸೂರಲ್ಲೇ ಶುರುವಾಗಿತ್ತು. ನಿಮ್ಮತ್ತಿಗೆಗೆ ಹೇಳ್ಬೇಡ," ಎಂದ.

ಬ್ರೇಕು, ಆಕ್ಸಿಲರೇಟರು ಎರಡೂ ಅದೇ ಕೈಯಲ್ಲಿ. ಕೀ ಕಿತ್ತುಕೊಂಡೆ. ಲೈಸೆನ್ಸ್ ನನಗೂ ಇದೆ, ಇನ್ನು ನಾನೇ ಓಡಿಸುತ್ತೇನೆ. ಅವನು ಎದುರಾಡಲಿಲ್ಲ, ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿಗೊಟ್ಟು ನಿಂತಿರುತ್ತಾನೆ. ಊರಿಗೆ ಬಂದಮೇಲೆ ನೀವು ಕೇಳಿದರೆ ಎಲ್ಲ ಸರಿಹೋಗಿದೆ ಎನ್ನುತ್ತಾನೆ. ನಂಬಬೇಡಿ. ಪೆಟ್ಟಿಗೆ ಬಿಚ್ಚುವ ಮೊದಲೇ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅವಸರದಲ್ಲಿ,
ನಿಮ್ಮ ನಾದಿನಿ ವಾರಿಜಾ