ಎಲಾಯ್ ಬ್ಯಾಂಡಿಗೆ ಸೇರಿದ ದಿನ

ಬೆನಿಮೋರಾ, ವಲೆನ್ಸಿಯಾ ಸೀಮೆ
ಮಂಗಳವಾರ, 23 ನವೆಂಬರ್ 1965

ಪ್ರೀತಿಯ ಮಗಳೇ ಅಮಾಲಿಯಾ,

ಹೇಗಿದ್ದೀಯಮ್ಮ? ಪ್ಯಾರಿಸ್ಸಿನಲ್ಲಿ ಆಗಲೇ ಹಿಮ ಬಿತ್ತೆಂದು ಪೇಪರು ಓದಿದವರು ಹೇಳಿದರು. ನಿನ್ನ ಕೆಮ್ಮು ಇಳಿದಿದೆಯೇ? ನೀನು ಕೆಲಸಕ್ಕಿರುವ ಮನೆಯೊಡತಿ ನಿನ್ನನ್ನು ಇನ್ನೂ ಅಟ್ಟದ ಕೋಣೆಯಲ್ಲೇ ಮಲಗಿಸುತ್ತಾಳೋ, ಬೆಚ್ಚಗಿರುವ ಕಡೆಗೆ ಇಳಿಸಿದಳೋ ಬರೆ. ನಿನ್ನಮ್ಮ ನಿನಗಾಗಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಒಂದು ಮುಗಿದಿದೆ, ಇನ್ನೊಂದನ್ನು ಹೆಣೆಯುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಅವಳ ಮಂಡಿನೋವು ಇದ್ದದ್ದೇ. ನಾನು ಗಟ್ಟಿಯಾಗಿದ್ದೇನೆ. ಕಿತ್ತಳೆ ಸುಗ್ಗಿ ಶುರುವಾಗಿದೆ, ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತೇನೆ. ಕಾಗದ ಬರೆಯಲು ಕೂತಾಗ ನಿನ್ನಮ್ಮ ಹೇಳಿದಳು: "ಅವಳು ಅಳೋ ಹಾಗೆ ಬರೀಬೇಡ್ರಿ. ಅಲ್ಲಿ ಸಮಾಧಾನ ಹೇಳೋರು ಯಾರಿದಾರೆ?" ನಡೆದದ್ದನ್ನು ನಡೆದಂತೆ ಬರೆಯುವುದು ಬಿಟ್ಟು ನನಗೆ ಬೇರೆ ಬರುವುದಿಲ್ಲ. ಕೂತುಕೊಂಡು ಓದು ತಾಯಿ.

ನಿನ್ನ ಮಕ್ಕಳಿಬ್ಬರಿಗೂ ಕ್ಲಾರಿನೆಟ್ ಮೇಲೆ ಬೆರಳಿಡಲು ಹೇಳಿಕೊಟ್ಟವನು ನಾನೇ. ನಲವತ್ತು ವರ್ಷ ಬ್ಯಾಂಡಿನ ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತವನು ಇನ್ನೆಷ್ಟು ಹೇಳಿಕೊಟ್ಟಾನು? ಅವರಪ್ಪ ತೀರಿಕೊಂಡ ವರ್ಷ, ಮನೆಯಲ್ಲಿ ಅಳುವಿನ ಸದ್ದು ಬಿಟ್ಟು ಬೇರೆ ಏನಾದರೂ ಕೇಳಲಿ ಎಂದು ಶುರು ಮಾಡಿಸಿದ್ದು. ಈಸ್ಟರಿನ ಮೊದಲಿನ ಉಪವಾಸ ಮುಗಿಯುವಷ್ಟರಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಖಾಲಿಯಾಯಿತು. ಬ್ಯಾಂಡ್ ಮಾಸ್ತರು ದೋನ್ ರಾಮಿರೋ ಬಂದು ಕೇಳಿ, "ಬತಿಸ್ತ, ಇವು ನಿನ್ನ ಮೊಮ್ಮಕ್ಕಳು ಅಂತ ಆಣೆ ಮಾಡು ನೋಡೋಣ" ಎಂದು ನನ್ನನ್ನು ಹಂಗಿಸಿದ್ದರು. ವಲೆನ್ಸಿಯಾದ ಸಂಗೀತಶಾಲೆಯ ಪ್ರೊಫೆಸರು ಬಂದದ್ದು ನಿನಗೂ ನೆನಪಿರಬೇಕು. ಅಡುಗೆಮನೆಯ ಪರದೆಯ ಹಿಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ನುಡಿಸಲು ಹೇಳಿದರೆ, ಫಿನೆತಾ ಯಾರು, ಎಲಾಯ್ ಯಾರು ಎಂದು ಅವರಿಗೆ ಗುರುತು ಹತ್ತಲಿಲ್ಲ. ಹೊರಡುವಾಗ ಅವರು, "ಹುಡುಗನಿಗೆ ಹನ್ನೆರಡು ತುಂಬಲಿ, ನನ್ನ ಹತ್ರ ಕಳಿಸಿ. ಹುಡುಗೀನೂ ಅಷ್ಟೇ ಚೆನ್ನಾಗಿ ನುಡಿಸ್ತಾಳೆ, ಪಾಪ" ಎಂದರು. ಆ 'ಪಾಪ' ಕೇಳಿ ಫಿನೆತಾ ಒಂದು ವಾರ ಅವರಂತೆಯೇ ಇಲ್ಲದ ಮೀಸೆ ತಿರುವಿ ನಮ್ಮನ್ನೆಲ್ಲ ನಗಿಸಿದಳು. ಹುಡುಗಿಯರನ್ನು ಯಾವ ಊರಿನ ಬ್ಯಾಂಡೂ ಸೇರಿಸಿಕೊಳ್ಳುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು.

ಜುಲೈನಲ್ಲಿ ಎಲಾಯ್‌ಗೆ ಬಂದ ಮೆದುಳುಜ್ವರದ ವಿಷಯ ನಾನೇನು ಬರೆಯಲಿ, ಓಡಿ ಬಂದು ನೀನೇ ನೋಡಿದೆಯಲ್ಲ. ಜೀವ ಉಳಿಯಿತು, ಎರಡೂ ಕಿವಿ ಹೋದವು. ನೀನಿದ್ದಾಗ ಊರಿನ ಡಾಕ್ಟರು "ಊತ ಇಳಿದ ಮೇಲೆ ನೋಡೋಣ" ಎಂದಿದ್ದರು. ದೊಡ್ಡ ಆಸ್ಪತ್ರೆಯವರು ಕಿವಿ ಮರಳಿ ಬರುವುದಿಲ್ಲ, ಇನ್ನು ಕಾಯುವುದು ಬೇಡ ಎಂದದ್ದನ್ನು ಕಳೆದ ಕಾಗದದಲ್ಲಿ ತಿಳಿಸಿದ್ದೇನೆ. ಅವನಿಗೂ ಹೇಳಿದೆವು, ಸ್ಲೇಟಿನ ಮೇಲೆ ಬರೆದು. ಓದಿ ಒರೆಸಿಬಿಟ್ಟ. ಕ್ಲಾರಿನೆಟ್ ಮಾತ್ರ ಬಿಡಲಿಲ್ಲ. "ತಾತ, ಸ್ವರ ಅದುರೋದು ಮೇಲಿನ ಹಲ್ಲಲ್ಲಿ ಗೊತ್ತಾಗುತ್ತೆ. ಬೆರಳಿಗೂ ಗೊತ್ತು" ಎನ್ನುತ್ತಿದ್ದ. ನಿಜ ಹೇಳುತ್ತೇನೆ, ಸೆಪ್ಟೆಂಬರಿನಲ್ಲಿ ಬೀದಿಯಲ್ಲಿ ಹೋಗುವವರಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಆಮೇಲೆ ಶ್ರುತಿ ಕೂದಲೆಳೆಯಷ್ಟು ಏರತೊಡಗಿತು. ಚಿನ್ನದಂಥ ಸ್ವರಗಳು, ಇರಬೇಕಾದ ಜಾಗದಲ್ಲಿ ಇಲ್ಲ ಅಷ್ಟೆ. ನಾವು ತಲೆದೂಗುತ್ತಿದ್ದೆವು. ಫಿನೆತಾ ತಲೆದೂಗುತ್ತಿರಲಿಲ್ಲ, ಎದ್ದು ಹಿತ್ತಲಿಗೆ ಹೋಗಿ ಬಾದಾಮಿ ಒಡೆಯುತ್ತ ಕೂರುವಳು. ಅವನ ಜ್ವರದ ದಿನದಿಂದ ಅವಳು ತನ್ನ ಕ್ಲಾರಿನೆಟ್ಟಿನ ಪೆಟ್ಟಿಗೆ ತೆರೆದಿರಲಿಲ್ಲ.

ಸಂಗೀತಗಾರರನ್ನು ಕಾಯುವ ಸಂತ ಸೆಸಿಲಿಯಾಳ ಹಬ್ಬಕ್ಕೆ ಹೊಸಬರನ್ನು ಬ್ಯಾಂಡಿನವರು ಮನೆಬಾಗಿಲಿಗೆ ಬಂದು ಕರೆದೊಯ್ಯುವುದುಂಟಲ್ಲ, ಈ ವರ್ಷದ ಸರದಿಗೆ ಎಲಾಯ್‌ನ ಹೆಸರು ವಸಂತದಲ್ಲೇ ಸೇರಿತ್ತು. ಹಬ್ಬದ ವಾರ ದೋನ್ ರಾಮಿರೋ ಬಂದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. "ಬೀದೀಲಿ ನಡೆಯೋವಾಗ ತೊಂದರೆ ಇಲ್ಲ, ಅಷ್ಟು ಜನರ ಮಧ್ಯೆ ಗೊತ್ತಾಗಲ್ಲ. ಸಂಜೆ ಕಚೇರೀಲಿ ಎಂಟು ಸಾಲು ಅವನೊಬ್ಬನೇ ನುಡಿಸೋದಿದೆ. ಬೇರೆಯವರಿಗೆ ಕೊಡ್ಲಾ, ಬತಿಸ್ತ?" ಎಂದರು. ನಿನ್ನಮ್ಮ ಒಲೆಯ ಮುಂದಿನಿಂದಲೇ, "ಕೊಡಿ ಮಾಸ್ತರೇ. ಕೊಟ್ಟ ಮೇಲೆ ನೀವೇ ಒಳಗೆ ಹೋಗಿ ಅವನ ಮುಖ ನೋಡ್ಕೊಂಡು ಹೇಳಿ" ಎಂದಳು. ಅವರು ಒಳಗೆ ಹೋಗಲಿಲ್ಲ. ಎಂಟು ಸಾಲು ಅವನಿಗೇ ಉಳಿಯಿತು.

ಮೊನ್ನೆ ಭಾನುವಾರ ಬೆಳಿಗ್ಗೆಯೇ ಸಮವಸ್ತ್ರ ತೊಟ್ಟು ನಿಂತಿದ್ದ. ತೋಳು ಉದ್ದವಾಗಿತ್ತು, ನಿನ್ನಮ್ಮ ಒಳಗೆ ಮಡಚಿ ಹೊಲಿದಿದ್ದಳು. ಬ್ಯಾಂಡ್ ಇನ್ನೂ ಚರ್ಚಿನ ಮೂಲೆ ತಿರುಗಿರಲಿಲ್ಲ, ಇವನು ಬಾಗಿಲಿನ ಹಲಗೆಯ ಮೇಲೆ ಅಂಗೈ ಇಟ್ಟು, "ಬಂದ್ರು. ಡೋಲಿನೋನು ಅರ್ಧ ನಿದ್ದೇಲಿದಾನೆ, ಹಿಂದೆ ಬೀಳ್ತಿದಾನೆ" ಎಂದ. ನಿಜವಾಗಿಯೂ ಹಿಂದೆ ಬೀಳುತ್ತಿತ್ತು! ಎದುರುಮನೆಯ ಕೊನ್ಸೊಲಾತಾ ಬಾಲ್ಕನಿಯಿಂದ, "ಕಿವಿ ಇರೋ ಗಂಡಸ್ರಿಗಿಂತ ನಿಮ್ಮ ಹುಡುಗನೇ ವಾಸಿ ಕಣಪ್ಪಾ" ಎಂದು ಡೋಲಿನವನ ಮಾನ ಕಳೆದಳು. ಹೊಸಬನಿಗಾಗಿ ನಮ್ಮ ಬಾಗಿಲಲ್ಲಿ ಪೂರ್ತಿ ಒಂದು ಪದ ನುಡಿಸಿದರು. ಅವನು ಎಲ್ಲರ ಬೆರಳುಗಳನ್ನೂ ನೋಡುತ್ತ ಕೇಳಿಸಿಕೊಂಡ. ಆಮೇಲೆ ಅವರ ನಡುವೆ ನಡೆದು ಹೋದ. ನಿನ್ನಮ್ಮ ಕೈಬೀಸಿದ್ದು ಅವನು ತಿರುವು ದಾಟಿದ ಎಷ್ಟೋ ಹೊತ್ತಿನ ಮೇಲೆ.

ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆಲ್ಲ ವಿಷಯ ಗೊತ್ತು, ಎಲ್ಲರೂ ಚಪ್ಪಾಳೆ ತಟ್ಟಲು ಸಿದ್ಧರಾಗಿಯೇ ಬಂದಿದ್ದರು. ಅವನೊಬ್ಬನೇ ನುಡಿಸುವ ಎಂಟು ಸಾಲು ಬಂತು. ಅಮಾಲಿಯಾ, ಮೊದಲ ನಾಲ್ಕು ಸಾಲು ಅವನು ನುಡಿಸಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಷ್ಟು ಮೆಲ್ಲಗೆ, ಅಷ್ಟು ತುಂಬಿ, ಇನ್ನೂ ಹನ್ನೆರಡು ತುಂಬದ ಮಗು. ಐದನೆಯದರಲ್ಲಿ ಏರಿತು. ಪಕ್ಕದವರು ತುಟಿ ಬಿಗಿದು ಅವನ ಶ್ರುತಿಗೆ ಏರಲು ನೋಡಿದರು, ನಾನು ಕಣ್ಣಾರೆ ಕಂಡೆ. ಆದರೆ ಹಿಂದಿನ ದೊಡ್ಡ ಹಿತ್ತಾಳೆ ವಾದ್ಯಗಳು ಏರುವುದೆಲ್ಲಿಗೆ? ಏಳು, ಎಂಟನೇ ಸಾಲಿನ ಹೊತ್ತಿಗೆ ಅವನು ಒಬ್ಬನೇ ಆಗಿಬಿಟ್ಟಿದ್ದ. ಮುಗಿದದ್ದೇ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವನು ಆ ಕೈಗಳನ್ನು ನೋಡಲಿಲ್ಲ, ಅಕ್ಕನನ್ನು ಹುಡುಕಿದ. ಸ್ವರದ ವಿಷಯದಲ್ಲಿ ಫಿನೆತಾಳ ಮುಖಕ್ಕೆ ಸುಳ್ಳು ಬರುವುದಿಲ್ಲ.

ಕಚೇರಿ ಮುಗಿದ ಮೇಲೆ ನೇರವಾಗಿ ಅವಳ ಮುಂದೆ ಬಂದು ನಿಂತು, "ಅಕ್ಕ, ಎಷ್ಟು ಮೇಲೆ?" ಎಂದು ಕೇಳಿದ. ಅವನಿಗೀಗ ತನ್ನ ದನಿಯ ಎತ್ತರ ತಿಳಿಯುವುದಿಲ್ಲ, ಇಡೀ ಸಭಾಂಗಣಕ್ಕೆ ಕೇಳಿಸಿತು. ಅವಳು ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ಜಾಗ ಬಿಟ್ಟು ತೋರಿಸಿದಳು. "ಮೊದಲಿಂದಾನಾ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿ ಐದು ಬೆರಳು ಎತ್ತಿದಳು. "ಹಂಗಾದ್ರೆ ನಾಲ್ಕು ಸರಿಯಾಗಿತ್ತು" ಎಂದವನೇ ಅಲ್ಲೇ ಮೆಟ್ಟಿಲ ಮೇಲೆ ಕೂತು ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚಿದ, ಬಟ್ಟೆಯಲ್ಲಿ ಒಳಗಿನ ತೇವ ಒರೆಸಿದ, ಪೆಟ್ಟಿಗೆಯಲ್ಲಿಟ್ಟು ಅಕ್ಕನ ತೊಡೆಯ ಮೇಲೆ ಇರಿಸಿದ. "ನಿನ್ನದಕ್ಕಿಂತ ಇದು ಒಳ್ಳೇದು. ಇನ್ಮೇಲೆ ಇದನ್ನೇ ನುಡಿಸು." ಅಳಲಿಲ್ಲ. ನಾನು ಯಾರನ್ನಾದರೂ ಹೊಡೆಯಬೇಕೆಂದುಕೊಂಡೆ, ಹೊಡೆಯಲು ಯಾರೂ ಇರಲಿಲ್ಲ. ದೋನ್ ರಾಮಿರೋ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ನಿನ್ನೆ ಅವರು ಮತ್ತೆ ಬಂದಿದ್ದರು, ಫಿನೆತಾಳನ್ನು ಬ್ಯಾಂಡಿಗೆ ಕರೆಯಲು. ಸಮಿತಿಯ ಮುದುಕರು ಹುಡುಗಿಯೇ ಎಂದು ಗೊಣಗಿದರಂತೆ. "ನಾನು ಶ್ರುತಿ ನೋಡ್ತೀನಿ, ಲಂಗ ನೋಡಲ್ಲ" ಎಂದು ಹೇಳಿ ಬಂದರಂತೆ. ಇದೇ ಮಾತನ್ನು ಹೋದ ವರ್ಷ ಹೇಳಿದ್ದರೆ ಈ ಮನೆಯಲ್ಲಿ ಹಬ್ಬವಾಗುತ್ತಿತ್ತು. ಫಿನೆತಾ, "ಅವನ ಕುರ್ಚೀಲಿ ನಾನು ಕೂರಲ್ಲ" ಎಂದು ಒಳಗೆ ಹೋದಳು. ಎಲಾಯ್ ಅವಳ ತುಟಿ ಓದಿದ್ದ. ಹಿಂದೆಯೇ ಹೋಗಿ, "ಕೂರದಿದ್ರೆ ಬಿಡು, ನಿಂತ್ಕೊಂಡು ನುಡಿಸು. ನೀನು ಸುಮ್ಮನಿದ್ರೆ ನಂಗೆ ಎರಡು ಸಲ ಕಿವುಡಾದ ಹಂಗೆ" ಎಂದ. ಹೋಗುತ್ತಾಳೋ ಇಲ್ಲವೋ ಅವಳೂ ಹೇಳಿಲ್ಲ, ನಾವೂ ಕೇಳಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿಯಲ್ಲಿ ಕಿಟಕಿ ಒರೆಸಲು ಹೇಳಿದರೆ ಆಗುವುದಿಲ್ಲವೆನ್ನು. ಕೊನ್ಸೊಲಾತಾ ನೆನಪು ತಿಳಿಸಿದ್ದಾಳೆ. ಆ ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿ ಇಟ್ಟು ಕಾಯಲಿ. ನಿನ್ನಮ್ಮ ಹಣೆಗೆ ಮುತ್ತಿಟ್ಟಿದ್ದಾಳೆಂದು ಬರೆಯಲು ಹೇಳಿದಳು, ನನ್ನದನ್ನೂ ಸೇರಿಸಿಕೋ.

ಇಂತಿ ನಿನ್ನ ಅಪ್ಪ,
ಬತಿಸ್ತ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಈ ಬೆಳಿಗ್ಗೆ ಎಲಾಯ್ ನಿನ್ನ ಫೋಟೋ ಹಿಡಿದು ಗೋದಾಮಿನವರೆಗೂ ನನ್ನ ಹಿಂದೆ ಬಂದ. "ತಾತ, ನೀನು ಮಾತಾಡಿದ್ರೆ ನಿನ್ನ ದನಿ ನನ್ನ ತಲೇಲಿ ತಾನಾಗೇ ಬರುತ್ತೆ. ಅಜ್ಜೀದು, ಅಕ್ಕಂದೂ ಬರುತ್ತೆ, ದಿನಾ ಬಾಯಿ ನೋಡ್ತೀನಲ್ಲ. ಆಗಸ್ಟಲ್ಲಿ ಅಮ್ಮಂದೂ ಬರ್ತಿತ್ತು. ಈಗ ಬರ್ತಿಲ್ಲ. ಈ ಫೋಟೋದಲ್ಲಿ ಅಮ್ಮ ಬಾಯಿ ಮುಚ್ಕೊಂಡಿದಾಳೆ" ಎಂದ. ಕ್ಲಾರಿನೆಟ್ ಕೊಟ್ಟಾಗ ಅಳದವನು ಆಗ ಅತ್ತ. ಕ್ರಿಸ್‌ಮಸ್ಸಿಗೆ ಕಾಯಬೇಡ ಮಗಳೇ. ಕೆಲಸ ಹೋದರೆ ಹೋಗಲಿ. ಬೇಗ ಬಂದು ಅವನೆದುರು ಕೂತು ಮಾತಾಡು.